ಆರೂವರೆಯ ತೋಟಾ

ಮಾರ್ಚ್ 14, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅಪ್ಪನ ಮಂಡಿನೋವು ಹೇಗಿದೆ? ಉತ್ತರ ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದು ಉತ್ತರ ಬರೆದು ಲಕೋಟೆ ಅಂಟಿಸಿಯೂ ಆಗಿತ್ತು. ಅದನ್ನು ಹರಿದು ಹಾಕಿಸಿದ್ದು ಒಂದು ಕಥೆ. ಆ ಕಥೆ ಹೇಳಿದವರು ನಮ್ಮ ಶೂಟಿಂಗ್ ರೇಂಜಿನಲ್ಲಿ ಗುರಿಹಲಗೆ ನೋಡಿಕೊಳ್ಳುವ ಮೇಸ್ತ್ರಿ. ಹೇಳಿದ್ದು ನಿನ್ನೆ ಸಂಜೆ, ಅವರ ನಿವೃತ್ತಿಗೆಂದು ನಾವೆಲ್ಲ ಚಹಾ ಕುಡಿಯುತ್ತಿದ್ದಾಗ. ಬೆಳಕು ಹರಿಯುವ ಮೊದಲೇ ಎದ್ದು ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ನಿನ್ನ ಪ್ರಶ್ನೆ. ರೈಫಲ್ಲಿನ ನಳಿಗೆ ಸವೆದಿದೆ, ಹೊಸದು ಹಾಕಿಸಬೇಕು, ದೊಡ್ಡ ಮ್ಯಾಗ್ನಂ ತೋಟಾ ಒದ್ದು ಭುಜ ತಿನ್ನುತ್ತಿದೆ, ಈಗ ಎಲ್ಲರೂ ಆರೂವರೆ ಮಿಲಿಮೀಟರಿನ ಸಣ್ಣ ತೋಟಾಕ್ಕೆ ಹೋಗುತ್ತಿದ್ದಾರೆ, ನಾನೂ ಹೋಗಲಾ ಅಕ್ಕ ಎಂದು ಕೇಳಿದ್ದೀಯ. ಹೋಗಪ್ಪ, ಧಾರಾಳವಾಗಿ ಹೋಗು. ಅದರ ಗುಂಡು ಉದ್ದ, ತೆಳು. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಒದೆತ ಕಡಿಮೆ, ಆದ್ದರಿಂದ ದಿನದ ಕೊನೆಯ ಗುಂಡಿಗೂ ಕಣ್ಣು ಮುಚ್ಚಿಹೋಗುವುದಿಲ್ಲ. ಇದನ್ನೇ ನಾನು ಎಷ್ಟೋ ವರ್ಷಗಳ ಹಿಂದೆ ಊಟದ ಮೇಜಿನ ಮೇಲೆ ಎರಡೂ ತೋಟಾಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ ಹೇಳಿದ್ದೆ. ನೀನು ಆರೂವರೆಯನ್ನು ಎತ್ತಿ ಹಲ್ಲಿನ ಸಂದಿಗೆ ಹಿಡಿದು, "ಹಲ್ಲುಕಡ್ಡಿ ಚೆನ್ನಾಗಿದೆ ಕಣಕ್ಕ" ಎಂದಿದ್ದೆ. ನಾನೂ ನಕ್ಕಿದ್ದೆ.

ಇಬ್ಬರಿಗೂ ಸೇರಿ ಇದ್ದದ್ದು ಒಂದೇ ರೈಫಲ್. ಅದಕ್ಕೆ ಹಾಕಿಸುವ ನಳಿಗೆಯೂ ಒಂದೇ: ನಾನು ಆರೂವರೆಯದು ಎಂದೆ, ನೀನು ಮ್ಯಾಗ್ನಂನದು ಎಂದೆ. "ಜಗಳ ಬೇಡ. ಇಬ್ಬರೂ ಹೊಡೀರಿ, ಹಲಗೆ ಹೇಳಿದ್ದೇ ಕೊನೆ" ಎಂದರು ಅಪ್ಪ. ಕ್ಲಬ್ಬಿನಿಂದ ಎರಡು ರೈಫಲ್ ತಂದೆವು, ನನ್ನ ತೋಟಾದ್ದೊಂದು, ನಿನ್ನದೊಂದು. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಆಚೆ ತುದಿಯ ಕಂದಕದಲ್ಲಿ ಮೇಸ್ತ್ರಿಯ ಜೊತೆ ನಿಲ್ಲುವುದು, ಪ್ರತಿ ಗುಂಡಿಗೂ ಹಲಗೆ ಇಳಿಸಿ, ತೂತಿಗೆ ದೂರಕ್ಕೆ ಕಾಣುವ ಬಿಲ್ಲೆ ಸಿಕ್ಕಿಸಿ, ಮತ್ತೆ ಏರಿಸಿ ತೋರಿಸುವುದು.

ನಾನು ಹೊಡೆಯುವಾಗ ಕಂದಕದಲ್ಲಿ ನೀನಿದ್ದೆ. ಅಪ್ಪ ನನ್ನ ಬೆನ್ನ ಹಿಂದೆ ಮುಕ್ಕಾಲಿ ಹಾಕಿಕೊಂಡು ದುರ್ಬೀನಿಗೆ ಕಣ್ಣಿಟ್ಟಿದ್ದರು. "ಹಲಗೆ ನೋಡಿ ತಿದ್ದಬೇಡ, ಗಾಳಿ ನೋಡಿ ಹೊಡಿ" ಎಂದರು. ಆಮೇಲೆ ಯಾಕೋ ಬಾಯಿ ಬಿಡಲಿಲ್ಲ. ಹುಲ್ಲು ಬಾಗುವುದನ್ನು, ಧ್ವಜದ ತುದಿ ಅಲುಗುವುದನ್ನು ನೋಡಿ, ಉಸಿರು ಹಿಡಿದು ಹೊಡೆದೆ. ಬಿಲ್ಲೆ ನಡುವಿನ ಕರಿಬೊಟ್ಟಿನ ಬಲಕ್ಕೆ ಎದ್ದಿತು. ಮತ್ತೆ ಹೊಡೆದೆ, ಇನ್ನೂ ಬಲಕ್ಕೆ. ನನ್ನ ಕಣ್ಣನ್ನೇ ನಾನು ನಂಬದಂತಾಯಿತು. ಆಮೇಲೆ ನಿನ್ನ ಸರದಿ. ಕಂದಕದಲ್ಲಿ ನಿಂತು ನಿನ್ನ ಗುಂಡಿನ ತೂತುಗಳಿಗೆ ನಾನೇ ಬಿಲ್ಲೆ ಸಿಕ್ಕಿಸಿದೆ. ನಡುವಿಗೆ ಬಿದ್ದಾಗ ಖುಷಿಯೂ ಪಟ್ಟೆ ಕಣೋ. ಎಷ್ಟಾದರೂ ತಮ್ಮ.

ಮ್ಯಾಗ್ನಂ ನಳಿಗೆ ಬಂತು. ಅದು ಒದ್ದೂ ಒದ್ದೂ ನನ್ನ ಭುಜ ಕಂದಿತು. ಬಂದೂಕಿನ ಕುದುರೆ ಎಳೆಯುವ ಮೊದಲೇ ರೆಪ್ಪೆ ಮುಚ್ಚುವ ಚಾಳಿ ಹಿಡಿಯಿತು. ಆಯ್ಕೆಯಲ್ಲಿ ನಾನು ಬಿದ್ದೆ, ನೀನು ತಂಡಕ್ಕೆ ಹೋದೆ. ಈಗ ಹೊಸಬರಿಗೆ ಕಲಿಸುತ್ತೇನೆ: ಹೇಗೆ ಮಲಗಬೇಕು, ಹೇಗೆ ಉಸಿರು ಬಿಡಬೇಕು. ಗಾಳಿಯ ಪಾಠ ಮಾತ್ರ ನಾನು ಮಾಡುವುದಿಲ್ಲ. ಅದನ್ನು ರೇಂಜಿನ ಮುಖ್ಯ ಕೋಚ್, ನಮ್ಮ ಕೋಚಮ್ಮನಿಗೆ ಬಿಟ್ಟುಬಿಡುತ್ತೇನೆ. ಬಾರದ್ದನ್ನು ಯಾವ ಮುಖ ಹೊತ್ತು ಕಲಿಸಲಿ?

ಇನ್ನು ನಿನ್ನೆಯ ಕಥೆ. ಮೇಸ್ತ್ರಿಗೆ ಹಾರ ಹಾಕಿ, ಬಿಸ್ಕತ್ತು ಹಂಚಿ, "ಏನಾದ್ರೂ ತಮಾಷೆ ಹೇಳಿ ಮೇಸ್ತ್ರಿ" ಎಂದೆವು. ಅವರು ನನ್ನ ಕಡೆ ಬೊಟ್ಟು ಮಾಡಿ ಶುರುಮಾಡಿದರು.

"ಈ ಅಮ್ಮನ ತಮ್ಮ ಇದ್ನಲ್ಲ, ಮಹಾ ತರಲೆ. ಒಂದಿನ ಅಕ್ಕ ಹೊಡೀತಿದಾರೆ, ಎಲ್ಲಾ ಗುಂಡೂ ಕರಿಬೊಟ್ಟಿಗೇ. ಇವನು ಹಲಗೆ ಇಳಿಸ್ತಾನೆ, ನಿಜವಾದ ತೂತಿಗೆ ಕಾಗದ ಅಂಟಿಸ್ತಾನೆ, ಪೆನ್ಸಿಲಲ್ಲಿ ಬಲಕ್ಕೆ ಇನ್ನೊಂದು ತೂತು ಮಾಡಿ ಬಿಲ್ಲೆ ಸಿಗಿಸ್ತಾನೆ! ಯಾಕಯ್ಯಾ ಅಂದ್ರೆ, 'ಸುಮ್ನಿರಿ ಮೇಸ್ತ್ರಿ, ಅಕ್ಕನ್ನ ಸ್ವಲ್ಪ ಆಟ ಆಡಿಸ್ತೀನಿ, ಸಂಜೆ ಹೇಳ್ತೀನಿ' ಅಂದ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಕೈಯಲ್ಲಿದ್ದ ಲೋಟ ಓರೆಯಾಗಿ ಚಹಾ ಸೀರೆಯ ಮೇಲೆ ಚೆಲ್ಲಿದಾಗ ನಗು ನಿಂತಿತು.

"ಯಾಕಮ್ಮಾ? ಸಂಜೆ ಹೇಳ್ಲಿಲ್ವಾ ಅವನು?" ಎಂದರು ಮೇಸ್ತ್ರಿ.

"ಇಲ್ಲ ಮೇಸ್ತ್ರಿ. ಇನ್ನೂ ಆ ಸಂಜೆ ಆಗಿಲ್ಲ" ಎಂದೆ.

ಪಾಪ, ಆ ಮನುಷ್ಯ ತನ್ನ ಹಾರವನ್ನು ತಾನೇ ತೆಗೆದು ಮೇಜಿನ ಮೇಲಿಟ್ಟುಬಿಟ್ಟರು.

ತಮ್ಮಾ, ಮ್ಯಾಗ್ನಂ ಹಾಕಿಸೋಣ, ನನಗೆ ಬಿಟ್ಟುಕೊಡು ಅಕ್ಕ ಎಂದು ಬಾಯಿಬಿಟ್ಟು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆ. ಚಿಕ್ಕಂದಿನಿಂದ ಕಿಟಕಿ ಪಕ್ಕದ ಸೀಟು ಕೊಟ್ಟವಳು ನಾನು, ನಳಿಗೆ ಕೊಡುತ್ತಿರಲಿಲ್ಲವೇ? ನೀನು ಕೇಳಲಿಲ್ಲ, ಪೆನ್ಸಿಲ್ ಹಿಡಿದೆ.

ಒಂದು ಮಾತು ನಡೆಸಿಕೊಡು. ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಬೇಡ. ಮಗ ಹೀಗೆ ಮಾಡಿದ ಎಂದು ಈ ವಯಸ್ಸಿನಲ್ಲಿ ಗೊತ್ತಾದರೆ ತಡೆದುಕೊಳ್ಳಲಾರರು.

ನಿನ್ನ ಹೆಂಡತಿ ಮಕ್ಕಳಿಗೆ ಒಳ್ಳೆಯದಾಗಲಿ. ಹೊಸ ನಳಿಗೆ ನಿನ್ನ ಭುಜಕ್ಕೆ ಹಗುರವಾಗಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮೇಲಿನದನ್ನು ಬೆಳಿಗ್ಗೆ ಬರೆದಿದ್ದು, ಇದನ್ನು ಮಧ್ಯಾಹ್ನ ಸೇರಿಸುತ್ತಿದ್ದೇನೆ. ಬೆಳಿಗ್ಗೆ ರೇಂಜಿಗೆ ಹೋದರೆ, ನಿನ್ನೆ ಕಥೆ ಕೇಳಿದವರೆಲ್ಲ ನನಗಿಂತ ಮೊದಲೇ ಬಂದಿದ್ದರು. ಒಬ್ಬರು ತಮ್ಮ ಆರೂವರೆಯ ರೈಫಲನ್ನು ನನ್ನ ಚಾಪೆಯ ಮೇಲಿಟ್ಟರು. ಕೋಚಮ್ಮ ನನ್ನ ಹಿಂದೆ ದುರ್ಬೀನಿಗೆ ಕೂತರು. ಉಳಿದವರೆಲ್ಲ, ನಿವೃತ್ತಿಯಾದರೂ ಬಂದಿದ್ದ ಮೇಸ್ತ್ರಿಯ ಜೊತೆ ಕಂದಕಕ್ಕೆ ಇಳಿದರು. ಹೊಡೆದೆ. ಮುಗಿದ ಮೇಲೆ ಅವರು ಬಿಲ್ಲೆ ತೋರಿಸಲಿಲ್ಲ. ಹಲಗೆಯನ್ನೇ ಕಿತ್ತು ಹೆಗಲ ಮೇಲೆ ಹೊತ್ತು ಅಷ್ಟು ದೂರದಿಂದ ನನ್ನ ಮುಂದೆ ತಂದಿಟ್ಟರು. ತೂತುಗಳೆಲ್ಲ ನನ್ನ ಒಂದು ಅಂಗೈಯಲ್ಲಿ ಮುಚ್ಚಿಹೋದವು.

ಆದರೆ ಅದಕ್ಕೂ ಮೊದಲೇ, ಹಲಗೆ ಇನ್ನೂ ಅಲುಗುವ ಮೊದಲೇ, ಪ್ರತಿ ಗುಂಡಿಗೂ ಕೋಚಮ್ಮ ಹಿಂದಿನಿಂದ "ನಡುವಿಗೆ ಹೋಯ್ತು" ಎನ್ನುತ್ತಿದ್ದರು. ಗುಂಡು ಹೋದ ದಾರಿಯಲ್ಲಿ ಗಾಳಿ ನೀರಿನಂತೆ ಸುಳಿಯುತ್ತದೆ, ಬಿಸಿಲಿದ್ದರೆ ಬಲ್ಲವರಿಗೆ ದುರ್ಬೀನಿನಲ್ಲಿ ಅದು ಕಾಣುತ್ತದೆ. ಅದನ್ನು ನೋಡಲು ನಮ್ಮಿಬ್ಬರಿಗೂ ಕಲಿಸಿದವರು ಯಾರು, ನೆನಪಿದೆಯಾ? ಅವತ್ತೂ ಬಿಸಿಲು ಚೆನ್ನಾಗಿತ್ತು. ನನ್ನ ಬೆನ್ನ ಹಿಂದೆ ಕೂತು ಒಂದೊಂದು ಗುಂಡನ್ನೂ ಕರಿಬೊಟ್ಟಿನವರೆಗೆ ನೋಡಿದವರು, ದುರ್ಬೀನು ಮಡಚಿ ಚೀಲಕ್ಕೆ ಹಾಕುತ್ತಾ, "ಗಾಳಿ ಓದೋದು ಎಲ್ಲರಿಗೂ ಬರಲ್ಲಮ್ಮ" ಎಂದಿದ್ದರು.

ಈ ಪತ್ರ ಅಪ್ಪನಿಗೆ ಓದಿ ಹೇಳಬೇಡ ಎಂದಿದ್ದೆನಲ್ಲ. ಓದಿ ಹೇಳು. ಜೋರಾಗಿ ಓದು.