ಎ.ಸಿ. ಪೆಟ್ಟಿಗೆಯೊಳಗಿನ ಅಕ್ಷತೆ

ಕೊಳ್ಳೇಗಾಲ
೧೪-೫-೨೦೦೩, ಬುಧವಾರ

ಪ್ರೀತಿಯ ಪುಟ್ಟಮಾದಪ್ಪನಿಗೆ,

ನಿನ್ನ ಅಣ್ಣ ಮಹದೇವು ಬರೆಯುತ್ತಿರುವುದು. ಕೋಳಿ ಕೆದರಿದ ಹಾಗಿರುವ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕಬೇಡ ಪುಟ್ಟ, ಪೂರ್ತಿ ಓದು. ಹೇಗಿದ್ದೀಯ? ಸೊಂಟ ಹಿಡಿದುಕೊಳ್ಳುತ್ತಿತ್ತಲ್ಲ, ಈಗ ಪರವಾಗಿಲ್ಲವಾ? ಮೇಟೂರಿನ ಬಿಸಿಲು ನಮ್ಮ ಕಡೆಗಿಂತ ಜೋರಂತೆ. ಲಾರಿ ಕೆಳಗೆ ಮಲಗುವಾಗ ಬರಿಯ ನೆಲದ ಮೇಲೆ ಮಲಗಬೇಡ, ಗೋಣಿಚೀಲ ಹಾಸಿಕೋ. ಹನೂರಿನ ಲಾರಿ ಡ್ರೈವರ್ ಚೆನ್ನಯ್ಯ ಹೋದ ವಾರ ಬ್ರೇಕ್ ಮಾಡಿಸಲು ಬಂದಿದ್ದ. ಮೇಟೂರಿನ ವರ್ಕ್‌ಶಾಪಿನಲ್ಲಿ ನಿನ್ನ ತಮ್ಮನನ್ನು ಕಂಡೆ, ಸಣ್ಣಗಾಗಿದ್ದಾನೆ, ತಮಿಳು ಅಲ್ಲಿಯವರ ಹಾಗೇ ಮಾತಾಡುತ್ತಾನೆ ಅಂದ. ನಮ್ಮ ವಿಷಯ ಏನಾದರೂ ಕೇಳಿದನಾ ಅಂದೆ. ಚೆನ್ನಯ್ಯ ಟೀ ಲೋಟ ಕೆಳಗಿಟ್ಟು ಬ್ರೇಕಿನ ಮಾತು ತೆಗೆದ. ಆಮೇಲೆ ಪಾಪ, ತಾನಾಗಿಯೇ ನಿನ್ನ ವಿಳಾಸ ಬರೆದುಕೊಟ್ಟ. ಮೂರೂವರೆ ವರ್ಷದಲ್ಲಿ ಯಾವತ್ತು ಬೇಕಾದರೂ ನಾನು ಅದನ್ನು ಕೇಳಿ ಪಡೆಯಬಹುದಿತ್ತು. ಕೇಳಿರಲಿಲ್ಲ.

ಅವ್ವ ಯಳಂದೂರಿನಲ್ಲಿ ಅಕ್ಕ ದೊಡ್ಡಬಸಮ್ಮನ ಮನೆಯಲ್ಲೇ ಇದ್ದಾಳೆ. ನೀನು ಊರು ಬಿಟ್ಟ ವಾರಕ್ಕೇ ಬಟ್ಟೆ ಗಂಟು ಕಟ್ಟಿಕೊಂಡು ಹೋದವಳು ಮತ್ತೆ ಈ ಮನೆಯ ಹೊಸ್ತಿಲು ತುಳಿದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಡಗಣ್ಣಿನ ಪೊರೆ ತೆಗೆಸಿದ್ದಾಯಿತು. ಕಣ್ಣಿನ ಪಟ್ಟಿ ಬಿಚ್ಚುವಾಗ ನಾನು ಎದುರಿಗೇ ನಿಂತಿದ್ದೆ. ನನ್ನ ಮುಖ ನೋಡಿ "ನೀನಾ" ಅಂದಳು, ಅಷ್ಟೇ. ಯಾರು ಕಾಣಲಿ ಅಂತ ಕಾದಿದ್ದಳೋ ನನಗೆ ಗೊತ್ತಿಲ್ಲವೇ? ನಿನ್ನ ಅತ್ತಿಗೆ ಶಿವನಂಜಮ್ಮನ ಬೈಗುಳ ಕಡಿಮೆಯಾಗಿಲ್ಲ, ಅಂದರೆ ಆರೋಗ್ಯವಾಗಿದ್ದಾಳೆ ಅಂತ ತಿಳಿದುಕೋ. ನನ್ನದೇ ಸರಿಯಿಲ್ಲ. ಬೆರಳ ಗಂಟು ಊದಿಕೊಳ್ಳುತ್ತದೆ, ಬೆಳಿಗ್ಗೆ ಹೊತ್ತು ಸ್ಪ್ಯಾನರ್ ಹಿಡಿಯಲು ಆಗುವುದಿಲ್ಲ. ಗ್ಯಾರೇಜಿನ ಬಾಗಿಲು ತೆಗೆಯುವಾಗಲೇ ಯಾವಾಗ ಮುಚ್ಚುತ್ತೇನೋ ಅನ್ನಿಸುತ್ತದೆ ಕಣೋ.

ಈಗ ವಿಷಯಕ್ಕೆ ಬರುತ್ತೇನೆ. ರೇಷ್ಮೆ ಸಾಹುಕಾರರ ಮನೆಯ ಬಿಳಿ ಕಾರು ಸೋಮವಾರ ನಮ್ಮ ಗ್ಯಾರೇಜಿಗೆ ಬಂತು. ಹೌದು, ಅದೇ ಕಾರು. ಆ ಆಯುಧಪೂಜೆ ಆದಮೇಲೆ ಅವರು ನಮ್ಮ ಕಡೆ ತಲೆಹಾಕಿರಲಿಲ್ಲ, ಎಲ್ಲದಕ್ಕೂ ಮೈಸೂರಿಗೇ ಹೋಗುತ್ತಿದ್ದರು. ಈಗ ಎ.ಸಿ. ಹಾಕಿದರೆ ಕೊಳೆತ ಹೂವಿನ ನಾತ, ಕಾಲಬುಡದಲ್ಲಿ ನೀರು. ಮೈಸೂರಿನ ಎ.ಸಿ. ರಿಪೇರಿಯವನು ಗ್ಯಾಸ್ ತೆಗೆದುಬಿಟ್ಟು, ಒಳಗಿನ ಪೆಟ್ಟಿಗೆ ಬಿಚ್ಚುವುದೇ ಎರಡು ದಿನದ ಕೆಲಸ, ನಿಮ್ಮೂರಲ್ಲೇ ಬಿಚ್ಚಿಸಿ ಪೆಟ್ಟಿಗೆ ಮಾತ್ರ ಕಳಿಸಿ ಅಂದನಂತೆ. ಊರಿನಲ್ಲಿ ಬೇರೆ ಯಾರೂ ಒಪ್ಪಿಲ್ಲ, ಬಂದರು ನನ್ನ ಹತ್ತಿರ. ನಾನೂ ಆಗಲ್ಲ ಅನ್ನಬೇಕಿತ್ತು. ಆದರೆ ಬಾಯಿ ಹೂಂ ಅಂದುಬಿಟ್ಟಿತು. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ.

ಅಬ್ಬಾ, ಅದೇನು ಕೆಲಸ ಅಂತೀಯ! ಹೀಟರು, ಎ.ಸಿ. ಎರಡೂ ಒಂದೇ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಯೋ ಡ್ಯಾಶ್‌ಬೋರ್ಡಿನ ಹಿಂದೆ ಬಸುರಿನ ಕೂಸಿನ ಹಾಗೆ ಕೂತಿದೆ. ಬ್ಯಾಟರಿ ತೆಗೆದೆ, ರೇಡಿಯೇಟರ್ ನೀರು ಇಳಿಸಿದೆ, ಎಂಜಿನ್ ಕಡೆಯಿಂದ ಬಿಸಿನೀರಿನ ಎರಡು ಹೋಸು ಕಿತ್ತೆ. ಡ್ಯಾಶ್ ಮೇಲಿದ್ದ ಮಾದಪ್ಪ ದೇವರ ಫೋಟೋ ಎತ್ತಿ ಗೂಡಿನಲ್ಲಿಟ್ಟೆ. ನನ್ನ ಕಡೆಗೆ ಮುಖ ಮಾಡಿ ಇಡಲು ಮನಸ್ಸಾಗದೆ ಗೋಡೆ ಕಡೆ ತಿರುಗಿಸಿಟ್ಟೆ. ಆಮೇಲೆ ಸ್ಟೀರಿಂಗ್ ಇಳಿಸಿ, ವೈರಿಗೆಲ್ಲ ಬಣ್ಣದ ದಾರ ಕಟ್ಟಿ, ಡ್ಯಾಶ್ ಕಳಚಿದೆ. ನೀನು ಕಲಿಸಿದ ಹಾಗೇ ರಟ್ಟಿನ ಮೇಲೆ ಡ್ಯಾಶಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚುತ್ತಾ ಹೋದೆ. ಆ ಕಾಲದಲ್ಲಿ ಅದನ್ನು ನೋಡಿ ರಂಗೋಲಿ ಬಿಡುತ್ತಿದ್ದೀಯೇನೋ ಅಂತ ನಕ್ಕಿದ್ದೆ. ಈಗ ಆ ರಟ್ಟು ಇಲ್ಲದಿದ್ದರೆ ನಾನು ಮುಳುಗಿಹೋಗುತ್ತಿದ್ದೆ. ಕೊನೆಯ ಬೋಲ್ಟ್ ಮಾತ್ರ ಬಲಮೂಲೆಯಲ್ಲಿ, ಪೆಟ್ಟಿಗೆಯ ಬೆನ್ನಿಗಿದೆ. ನಿನ್ನ ಸಣ್ಣ ಕೈಯಾಗಿದ್ದರೆ ಒಂದು ನಿಮಿಷ. ನನ್ನ ದಪ್ಪ ಕೈಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಮೊಣಕೈ ಚರ್ಮವೂ ಹೋಯಿತು. ಪೆಟ್ಟಿಗೆ ಕೈಗೆ ಬಂದಾಗ ಕಾರಿನ ಬಾಗಿಲಿನಲ್ಲೇ ಕೂತುಬಿಟ್ಟೆ.

ಕೂತಲ್ಲೇ ನಮ್ಮ ಗ್ಯಾರೇಜಿನ ಆ ಆಯುಧಪೂಜೆಯ ದಿನದ್ದೆಲ್ಲ ಕಣ್ಣ ಮುಂದೆ ಬಂತು. ಸಾಹುಕಾರರ ಹೆಂಡತಿ ಮಹಾಲಕ್ಷ್ಮಮ್ಮನವರು ಗಾಡಿಯ ಪೂಜೆಗೆ ಲಕ್ಷ್ಮಿ ಇರಲಿ ಅಂತ ತಮ್ಮ ತಾಯಿಯ ಕಾಲದ ಕೆಂಪು ಹರಳಿನ ಮೂಗುಬಟ್ಟನ್ನು ವೀಳ್ಯದೆಲೆ ಮೇಲಿಟ್ಟು, ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್ ಮೇಲೆ ಇಟ್ಟರು. ಅಕ್ಷತೆ ಹಾಕಿದರು, ಹೂವು ಹಾಕಿದರು. ನೀನು ಗಾಡಿ ಹತ್ತಿ ನಿಂಬೆಹಣ್ಣಿನ ಮೇಲೆ ಹಾಯಿಸಿ, ಒಂದು ಸುತ್ತು ಹೋಗಿ ಬಂದೆ. ಎಲೆ ಇತ್ತು, ಮೂಗುಬಟ್ಟು ಇರಲಿಲ್ಲ. ಎಲ್ಲರೂ ನಿನ್ನ ಮುಖ ನೋಡಿದರು. ನಾನೂ ನೋಡಿದೆ. ಗಾಜಿನ ಕೆಳಗೆ ಗಾಳಿ ಬರುವ ಸಂದಿಯಿದೆ, ಅದರೊಳಕ್ಕೆ ಬಿದ್ದಿರಬಹುದು, ಈಗಲೇ ಬಿಚ್ಚೋಣ ಅಂತ ನೀನು ಎಷ್ಟು ಸಲ ಹೇಳಿದೆ! ಸ್ಪ್ಯಾನರುಗಳನ್ನೆಲ್ಲ ತೊಳೆದು ಕುಂಕುಮ ಇಟ್ಟು ಪೂಜೆಗೆ ಜೋಡಿಸಿದ್ದೇವೆ, ನಾಳೆ ಮರುಪೂಜೆ ಆಗುವತನಕ ಒಂದನ್ನೂ ಎತ್ತುವ ಹಾಗಿಲ್ಲ ಅಂದೆ ನಾನು. ದೊಡ್ಡ ಆಚಾರವಂತ. ಕಬ್ಬಿಣ ಎತ್ತಿದರೆ ಕೇಡು ಅಂದವನು, ಆರತಿ ತಟ್ಟೆಯ ಕರ್ಪೂರ ತೋರಿಸಿ, ಇದನ್ನು ಕೈಯಿಂದ ಆರಿಸಿ ಮಾದಪ್ಪನ ಮೇಲೆ ಆಣೆ ಮಾಡು ಅಂತ ನೂರು ಜನರ ಮುಂದೆ ತಮ್ಮನಿಗೆ ಹೇಳಿದೆ.

ನೀನು ಆಣೆ ಮಾಡಲಿಲ್ಲ. "ನಾ ತಕಂಡಿಲ್ಲ ಅಂತ ಯೋಳ್ದೆ. ನನ್ ಮಾತ್ ಸಾಲ್ದಾ ಅಣ್ಣ?" ಅಂದೆ. ನಾನು ಕರ್ಪೂರ ಉರಿಯುವುದನ್ನೇ ನೋಡುತ್ತಾ ನಿಂತೆ. ಅದು ತಾನಾಗಿಯೇ ಆರಿತು. ನೀನು ಕೈ ಒರೆಸಿಕೊಂಡು ಹೊರಟೆ. ಆಣೆ ಮಾಡಲಿಲ್ಲ ಅಂದಮೇಲೆ ಕಳ್ಳನೇ ಅಂತ ಊರು ತೀರ್ಮಾನ ಮಾಡಿತು.

ಮಾರನೇ ದಿನ ಮರುಪೂಜೆ ಆಯಿತು, ಸ್ಪ್ಯಾನರ್ ಕೈಗೆ ಬಂತು, ಕಾರೂ ಅಲ್ಲೇ ಇತ್ತು. ಬಿಚ್ಚಬಹುದಿತ್ತು. ಅವರ ಡ್ರೈವರ್ ಬರುವತನಕ ಸಂಜೆಯವರೆಗೂ ಸಮಯವಿತ್ತು. ನಾನು ಬಿಚ್ಚಲಿಲ್ಲ. ಯಾರು ಅಷ್ಟು ಕೆಲಸ ಮಾಡುತ್ತಾರೆ ಅಂತ ಅವ್ವನಿಗೆ ಹೇಳಿದೆ. ಅದು ಸುಳ್ಳು. ಬಿಚ್ಚಿ, ಒಳಗೆ ಸಿಗದೇ ಹೋದರೆ ಅಂತ ಹೆದರಿದೆ. ಅಂದರೆ ನಿನ್ನ ಮೇಲೆ ನನಗೆ ಅನುಮಾನ ಇತ್ತು ಪುಟ್ಟ. ಇದನ್ನು ಇಷ್ಟು ವರ್ಷ ಶಿವನಂಜಮ್ಮನ ಹತ್ತಿರವೂ ಬಾಯಿಬಿಟ್ಟಿಲ್ಲ. ಬರೆಯುವಾಗ ನಾಚಿಕೆಯಾಗುತ್ತಿದೆ.

ಈಗ ಪೆಟ್ಟಿಗೆ ಬೆಂಚಿನ ಮೇಲಿದೆ. ಕ್ಲಿಪ್ಪು ಬಿಚ್ಚಿ ಎರಡು ಹೋಳು ಮಾಡಿದೆ. ಒಳಗೆ ಒಂದು ಗುಡಿಯ ಕಸವೇ ಇತ್ತು. ಎಷ್ಟು ವರ್ಷದ ಚೆಂಡುಹೂವೋ, ಕಪ್ಪಾದ ಅಕ್ಷತೆ, ಕೆಸರಾಗಿ ಮತ್ತೆ ಗಟ್ಟಿಯಾದ ವಿಭೂತಿ, ಊದುಬತ್ತಿ ಕಡ್ಡಿ, ಒಂದು ಎಂಟಾಣೆ. ಆ ಸಂದಿಯಲ್ಲಿ ಎಂಟಾಣೆ ಇಳಿಯುತ್ತದೆ ಅಂದಮೇಲೆ ಮೂಗುಬಟ್ಟು ಇಳಿಯುವುದಿಲ್ಲವೇ? ನೀನು ಹೇಳಿದ್ದು ಸರಿಯಾಗೇ ಇತ್ತು. ಎಲ್ಲವನ್ನೂ ಕೆರೆದು ಪೇಪರ್ ಮೇಲೆ ಗುಡ್ಡೆ ಹಾಕಿದ್ದೇನೆ, ಹಿಡಿ ನಾಲ್ಕೈದು ಆಗಬಹುದು. ಅದನ್ನಿನ್ನೂ ಜರಡಿ ಹಿಡಿದಿಲ್ಲ. ಹಿಡಿಯುವ ಧೈರ್ಯ ಬಾರದೆ ಮೊದಲು ಈ ಕಾಗದಕ್ಕೆ ಕೂತೆ. ಸಿಕ್ಕರೆ ನಾಳೆ ಬೆಳಗಿನ ಬಸ್ಸಿಗೇ ಹತ್ತಿ ಮೇಟೂರಿಗೆ ಬಂದು, ಅದನ್ನು ನಿನ್ನ ಕೈಯಲ್ಲಿಟ್ಟು ಕರೆದುಕೊಂಡು ಬರುತ್ತೇನೆ. ಅದೇ ನೂರು ಜನರ ಮುಂದೆ ನೀನೇ ಅವರಿಗೆ ಕೊಡುವಿಯಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೀಡಿ ಕಡಿಮೆ ಮಾಡು, ಬಿಡು ಅಂದರೆ ನೀನು ಬಿಡುವವನಲ್ಲ. ಅತ್ತಿಗೆ ನಿನ್ನನ್ನು ಕೇಳಿದ್ದಾಳೆ, ನಿನ್ನ ತಟ್ಟೆಯನ್ನು ಇನ್ನೂ ಬೇರೆ ಯಾರಿಗೂ ಹಾಕಿಲ್ಲ. ದೊಡ್ಡವನಾಗಿ ಆಶೀರ್ವಾದ ಮಾಡಬೇಕಾದವನು, ಅದಕ್ಕೆ ಯೋಗ್ಯತೆ ಇದೆಯೋ ಇಲ್ಲವೋ, ಆದರೂ ಮಾಡುತ್ತಿದ್ದೇನೆ. ಚೆನ್ನಾಗಿರು.

ನಿನ್ನ ಅಣ್ಣ,
ಮಹದೇವು

ಮರೆತ ಮಾತು: ಐದು ಗಂಟೆಗೆ ಟಪಾಲು ಡಬ್ಬ ತೆಗೆಯುತ್ತಾರೆ, ಬೇಗ ಬರೆಯುತ್ತಿದ್ದೇನೆ. ಅತ್ತಿಗೆಯ ಜರಡಿಯಲ್ಲಿ ಮೂರು ಸಲ ಹಿಡಿದೆ, ಆಮೇಲೆ ನೀರಿನಲ್ಲಿ ಕದಡಿ ಕೈಯಲ್ಲಿ ಹುಡುಕಿದೆ. ಮೂಗುಬಟ್ಟು ಸಿಗಲಿಲ್ಲ. ಅಂಥದ್ದೇ ಒಂದು ಹಳೇದನ್ನು ತಂದು ಹಾಕಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿದ್ದೂ ಉಂಟು, ಥೂ ಅಂತ ನನಗೆ ನಾನೇ ಬೈದುಕೊಂಡೆ. ಅಷ್ಟರಲ್ಲಿ ಮಹಾಲಕ್ಷ್ಮಮ್ಮನವರು ನೋಡಲು ಬಂದರು, ನಾನು ಕಸ ಕದಡುತ್ತಿದ್ದುದು ಕಂಡು ಸಿಕ್ಕಿತೇ ಅಂತ ಕೇಳಿದರು. ಕಾರಿನ ಸುತ್ತ ಐದಾರು ಜನ ಇದ್ದರು. "ಸಿಕ್ನಿಲ್ಲ ಅಮ್ಮಾವ್ರೆ. ನನ್ ತಮ್ಮ ಅದ ತಕಂಡಿಲ್ಲ" ಅಂದೆ. ಸಿಕ್ಕಿಲ್ಲ ಅಂದಮೇಲೆ ಅದು ಹೇಗೆ ಹೇಳುತ್ತೀಯ ಅಂದರು. "ಅವ್ನು ಯೋಳವ್ನೆ" ಅಂದೆ. ಅವರು ತಿರುಗಿ ಹೊರಟುಹೋದರು. ಹೋಗಲಿ. ಮೇಲೆ ಸಿಕ್ಕರೆ ಬರುತ್ತೇನೆ ಅಂತ ಬರೆದಿದ್ದೇನೆ, ಅದನ್ನು ಹೊಡೆದುಹಾಕಿಕೋ. ಸಿಗದಿದ್ದರೂ ಬರುತ್ತೇನೆ, ಭಾನುವಾರ, ಮೊದಲ ಬಸ್ಸಿಗೆ. ಪೆಟ್ಟಿಗೆ ಮೈಸೂರಿನಿಂದ ಮುಂದಿನ ಬುಧವಾರ ವಾಪಸ್ ಬರುತ್ತದೆ. ಆ ಬಲಮೂಲೆಯ ಬೋಲ್ಟ್ ಹಾಕಲು ನನ್ನ ಕೈ ಹೋಗುವುದಿಲ್ಲ, ಅದನ್ನು ರಟ್ಟಿನ ಮೇಲೆ ಅದರ ಜಾಗದಲ್ಲೇ ಚುಚ್ಚಿಟ್ಟಿದ್ದೇನೆ.