ತೆಂಗಿನ ಬುಡಕ್ಕೆ ಒಂದು ಸುತ್ತು

ಅರಸೀಕೆರೆ, ಫೆಬ್ರವರಿ ೧೯೮೩

ಚೆಲುವಯ್ಯ,

ನೀನು ತೀರಿಕೊಂಡು ಎರಡು ವರ್ಷವಾಯಿತು. ನಮ್ಮ ಹಿತ್ತಿಲ ನೇರಳೆ ಮರವನ್ನು ಇವತ್ತು ಬೆಳಿಗ್ಗೆ ಗೆಂಡೆಹಳ್ಳಿಯ ಪುಟ್ಟಸ್ವಾಮಿ ಹತ್ತಿದ. ಹೆಂಚಿನ ಮೇಲೆ ಬಾಗಿದ್ದ ಕೊಂಬೆಯನ್ನು ಕಡಿಯಬೇಕಿತ್ತು. ಅವನದು ನೀಲಿ ನೈಲಾನ್ ಹಗ್ಗ. ಅದನ್ನು ಕೊಂಬೆಗೆ ಕಟ್ಟಿ, ಮೇಲಿನ ಕವಲಿನಿಂದ ಹಾಯಿಸಿ, ತುದಿಯನ್ನು ನನ್ನ ಕಡೆ ಎಸೆದ. ನಾನು ಪಕ್ಕದ ತೆಂಗಿನ ಬುಡಕ್ಕೆ ಸುತ್ತಿ ಹಿಡಿದುಕೊಂಡೆ.

"ಎಷ್ಟು ಸುತ್ತು ಹಾಕಿದ್ದೀರಾ ಸ್ವಾಮಿ?" ಎಂದು ಮೇಲಿನಿಂದ ಕೇಳಿದ.

"ಮೂರು."

"ಇನ್ನೊಂದ್ಸಲ ಎಣಿಸ್ರೀ. ಕಾಲು ನಂದು, ನಿಮ್ದಲ್ಲ."

ಎಣಿಸಿದೆ. ಮೂರೇ ಇತ್ತು. ಅವನು ಕಡಿದ; ನಾನು ಹಗ್ಗ ಸಡಿಲಿಸುತ್ತಾ ಹೋದಂತೆ ಕೊಂಬೆ ನಿಧಾನವಾಗಿ ಇಳಿದು ನೆಲ ಮುಟ್ಟಿತು. ಒಂದು ಹೆಂಚೂ ಒಡೆಯಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ನೀನು ಇದೇ ಮರ ಹತ್ತಿದ್ದಾಗ, ಕೆಳಗೆ ನಿಂತು ನಾನು ಹಾಕಿದ್ದು ಒಂದೇ ಸುತ್ತು. ಹಗ್ಗ ಅಂಗೈ ಸುಟ್ಟು ಜಾರಿತು, ಕೊಂಬೆ ತಿರುಗಿ ಮೇಲಿದ್ದ ನಿನ್ನ ಮಂಡಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ನೀನು, "ಹಗ್ಗ ಹಳೇದಾಗಿತ್ತು ಕಣ್ರೀ, ಕಿತ್ತೋಯ್ತು," ಎಂದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನೀನು ಯಾವ ಮರವನ್ನೂ ಹತ್ತಲಿಲ್ಲ.

ಅಂದಿನ ನಿನ್ನ ನಾರಿನ ಹಗ್ಗ ನಮ್ಮ ಅಟ್ಟದಲ್ಲೇ ಉಳಿದಿದೆ. ಕೆಲಸ ಮುಗಿದ ಮೇಲೆ ಪುಟ್ಟಸ್ವಾಮಿಗೆ ತೋರಿಸಿದೆ. ಅವನು ಅದನ್ನು ಮಾರು ಮಾರಾಗಿ ಎಳೆದು ನೋಡಿದ.

"ಎಲ್ಲೂ ಕಿತ್ತಿಲ್ಲ, ಇನ್ನೂ ಗಟ್ಟಿಯಾಗೈತೆ. ಯಾರ್ದು ಸ್ವಾಮಿ ಇದು?"

ನಿನ್ನ ಹೆಸರು ಹೇಳಿದೆ. ಕೆಳಗೆ ಹಗ್ಗ ಹಿಡಿಯುತ್ತಿದ್ದವರು ಯಾರೆಂದು ಅವನು ಕೇಳಲಿಲ್ಲ. ಅಂದು ಮೇಲಿನಿಂದ ನೀನೂ ಎಷ್ಟು ಸುತ್ತು ಎಂದು ಕೇಳಿರಲಿಲ್ಲ.