ಸತ್ತ ಮಸೂದೆಗೆ ಬಾನ್ಜಾಯ್

ಕೆಳಮನೆಯ ಸಭಾಧ್ಯಕ್ಷರಿಗೆ,

ಮಾನ್ಯರೇ, ಮೊನ್ನೆ ನೀವು ನೇರಳೆ ರೇಷ್ಮೆಯಲ್ಲಿ ಸುತ್ತಿ ನಿಮಗೆ ತಂದುಕೊಟ್ಟ ಪತ್ರವನ್ನು ಬಿಡಿಸಿ, ಸದನ ವಿಸರ್ಜನೆಯಾಯಿತೆಂದು ಓದಿದಿರಿ. ಸದಸ್ಯರೆಲ್ಲ ಎದ್ದು ಎರಡೂ ಕೈ ಎತ್ತಿ "ಬಾನ್ಜಾಯ್" ಎಂದು ಜಯಕಾರ ಹಾಕಿದರು. ಆಗ ಪ್ರೇಕ್ಷಕರ ಸಾಲಿನಿಂದಲೂ ಒಂದು ಕೆಮ್ಮಿನ ದನಿ ಅದನ್ನೇ ಕೂಗಿತು. ಅದು ನನ್ನ ತಾಯಿ ಶಿಗೆನೊ. ತನ್ನ ಮಸೂದೆ ಪಾಸಾಯಿತೆಂದು ಆಕೆ ತಿಳಿದಿದ್ದಳು. ನಿಜಕ್ಕೂ ಅದು ಆಗಷ್ಟೇ ಸತ್ತಿತ್ತು.

ಅಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೂತು ಪಿಂಗಾಣಿ ಬಟ್ಟಲು ಉಜ್ಜಿ ನಯ ಮಾಡಿದವಳು. ಆ ಧೂಳು ಎದೆಯಲ್ಲಿ ಕೂತಿದೆ. ಮನೆಯಲ್ಲಿ ಕೂತು ದುಡಿದವಳು ಕಾರ್ಮಿಕಳಲ್ಲವಂತೆ, ಹಾಗಾಗಿ ಅದು ಕೆಲಸದ ಕಾಯಿಲೆಯೂ ಅಲ್ಲವಂತೆ. ಅತ್ತೆಮನೆಯವರು ಹುಟ್ಟಾ ರೋಗಿಷ್ಠೆ ಎಂದು ಹಂಗಿಸಿದರು. ಈ ಕೆಮ್ಮು ದುಡಿದು ಬಂದದ್ದೆಂದು ದೇಶ ಒಂದು ಸಲ ಹೇಳಲಿ, ಆಕೆಗೆ ಬೇಕಾದದ್ದು ಅಷ್ಟೇ. ಆ ಮಾತು ಹೇಳುವ ಮಸೂದೆ ನಿಮ್ಮ ಮನೆಯಲ್ಲಿ ಪಾಸಾಗಿ, ಅದೇ ಕಟ್ಟಡದ ಇನ್ನೊಂದು ತುದಿಯ ಮೇಲ್ಮನೆಗೆ ಹೋಗಿತ್ತು. ಅಂದು ಸಂಜೆ ಅಲ್ಲಿ ಮತಕ್ಕೆ ಬರಬೇಕಿತ್ತು. ಅಲ್ಲಿಯವರೆಗೆ ಇಲ್ಲಿ ಕೂತಿರೋಣವೆಂದು ಬಂದಿದ್ದೆವು.

ಎರಡು ಮನೆ ಯಾಕೆಂದರೆ, ಒಬ್ಬರು ಆತುರಪಟ್ಟರೆ ಇನ್ನೊಬ್ಬರು ಯೋಚಿಸಲಿ ಎಂದು ಶಾಲೆಯಲ್ಲಿ ಕಲಿಸಿದ್ದರು. ಮೇಲ್ಮನೆಯನ್ನು ಯಾರೂ ವಿಸರ್ಜಿಸಲಾರರು ಎಂದೂ ಕಲಿಸಿದ್ದರು. ಎಷ್ಟು ಗಂಭೀರ ಏರ್ಪಾಡು! ಆದರೆ ನಿಮ್ಮ ಮನೆ ಬಾಗಿಲು ಹಾಕಿಕೊಂಡ ಗಳಿಗೆಯಲ್ಲೇ ಅವರ ಮನೆಗೂ ಬೀಗ ಬೀಳುತ್ತದೆ, ಅವರ ಕೈಯಲ್ಲಿದ್ದ ಮಸೂದೆ ಕಸವಾಗುತ್ತದೆ. ಹಾಗಾದರೆ ಯೋಚಿಸುವವರು ಯಾರು, ಮಾನ್ಯರೇ?

ಕಾವಲಿನವನು ಓಡಿಬಂದ. "ಅಜ್ಜೀ, ಇಲ್ಲಿ ಕೂತೋರು ಕೂಗಂಗಿಲ್ಲ."

"ಅವ್ರೆಲ್ಲ ನನ್ ಕಾನೂನಿಗೇ ಕೂಗ್ತಿರೋದು ಕಣಪ್ಪಾ! ನಾನೊಬ್ಳು ಬಾಯ್ ಮುಚ್ಕೊಂಡಿರ್ಬೇಕಾ?"

"ಅಮ್ಮಾ, ಕೈ ಇಳ್ಸು," ಎಂದು ಆಕೆ ಎತ್ತಿದ್ದ ಕೈಗಳನ್ನು ಹಿಡಿದು ಇಳಿಸಿದೆ. "ಪಾಸಾಗಿಲ್ಲ. ಸಭೆ ಮುಗ್ದೋಯ್ತು, ಮಸೂದೇನೂ ಹೋಯ್ತು."

"ಹೋಯ್ತಾ? ಮತ್ತೆ ಇವ್ರಿಗ್ಯಾಕೆ ಇಷ್ಟು ಖುಷಿ?"

ಕೆಳಗೆ ಸದಸ್ಯರು ಬೆನ್ನು ತಟ್ಟಿಕೊಳ್ಳುತ್ತ ಚುನಾವಣೆಗೆ ಹೊರಟಿದ್ದರು. ಅಮ್ಮ ಕಾವಲಿನವನಿಗೆ ಸೊಂಟ ಬಗ್ಗಿಸಿ, "ತಪ್ಪಾಯ್ತಪ್ಪಾ, ಮುದ್ಕಿ, ಗೊತ್ತಾಗ್ಲಿಲ್ಲ," ಎಂದಳು. ನನಗೆ ನಾಚಿಕೆಯಾಯಿತು. ಸುಳ್ಳೇಕೆ, ಮೊದಲು ತಾಯಿಯ ಬಗ್ಗೆಯೇ ಆಯಿತು, ಎಲ್ಲರೂ ತಿರುಗಿ ನೋಡುತ್ತಿದ್ದರಲ್ಲ. ಆಮೇಲೆ ನಿಮ್ಮ ಬಗ್ಗೆ, ನಿಮ್ಮನ್ನೆಲ್ಲ ಆರಿಸಿ ಕಳಿಸಿದ ನನ್ನ ಬಗ್ಗೆ. ಕ್ಷಮೆ ಕೇಳಬೇಕಾದವರು ಅಷ್ಟು ಮಂದಿ ಅಲ್ಲಿದ್ದರೂ ಬಗ್ಗಿದ್ದು ಆಕೆಯೊಬ್ಬಳೇ.

ವಿಸರ್ಜನೆಗೆ ಜಯಕಾರ ಹಾಕುವ ನಿಮ್ಮ ಪದ್ಧತಿ ಹಳೆಯದು, ಬಿಡಿ ಎಂದರೆ ಬಿಡುವವರಲ್ಲ. ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಆ ಪತ್ರ ಓದುವ ಮೊದಲು, ಅದರ ಜೊತೆ ಸಾಯುವ ಮಸೂದೆಗಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿ. ಯಾವುದು ಯಾರ ಬದುಕಿನದ್ದೆಂದು ಹೇಳಿ. ಅದನ್ನು ಕೇಳಿದ ಮೇಲೂ ಸದಸ್ಯರ ಕೈ ಮೇಲೇಳುವುದಾದರೆ ಏಳಲಿ. ನಮ್ಮ ಮಸೂದೆಯನ್ನು ಹೊಸ ಸದನದಲ್ಲಿ ಬೇಗ ತನ್ನಿ. ಅಮ್ಮನಿಗೆ ಇನ್ನು ಹೆಚ್ಚು ಉಸಿರಿಲ್ಲ.

ಇಂತಿ,
ತಾಯಿ ಎತ್ತಿದ ಕೈಗಳನ್ನು ನಿಮ್ಮೆದುರು ಹಿಡಿದು ಇಳಿಸಿದ ಮಗಳು,
ಮಿಝೊಗುಚಿ ಕನಯೆ